ಹಳ್ಳದ ದಂಡೆಯಲ್ಲಿ ಹೊಡೆಯದ ಸೀಟಿ

ನಾನು ನಿವೃತ್ತಳಾದ ದಿನ ಡಿಪೊದಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸಾಹೇಬರೊಬ್ಬರು ಭಾಷಣ ಮಾಡಿದರು. "ದೇವರ ದಯೆಯಿಂದ ಮಹಾದೇವಿಯವರ ಸರ್ವಿಸಿನಲ್ಲಿ ಒಂದೂ ಅಪಘಾತ ಆಗಲಿಲ್ಲ" ಎಂದರು. ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ದೇವರ ದಯೆ ಇಲ್ಲವೆಂದಲ್ಲ. ಇದೆ, ಬೇಕಾದಷ್ಟಿದೆ, ಅದಕ್ಕೇ ನಾನು ಇವತ್ತಿಗೂ ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತೇನೆ. ಆದರೆ ಆ ಮಾತು ಹೇಳಿದವರು ಯಾರು? ವೈಪರ್ ಇಲ್ಲದ ಗಾಡಿಯನ್ನು ಜಡಿಮಳೆಯಲ್ಲಿ ರಸ್ತೆಗೆ ಕಳಿಸಿ "ದೇವರು ಅದಾನ, ಹೋಗ್ರಿ" ಎಂದ ಅದೇ ಸಾಹೇಬರು! ಶಾಲು ತೆಗೆದು ಅವರಿಗೇ ಹೊದಿಸಿ ಬರಬೇಕೆನ್ನಿಸಿತು. ಮಗಳು ಕೈ ಒತ್ತಿ ಹಿಡಿದಳು, ಸುಮ್ಮನಾದೆ.

ಈಗ ಡಿಪೊಗಳಿಗೆ ಹೊಸ ಹುಡುಗಿಯರು ಕಂಡಕ್ಟರಾಗಿ ಬರುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಪದಕ ಕೊಟ್ಟರು ಎಂಬುದೆಲ್ಲ ಇದರಲ್ಲಿ ಇಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ನಡುವಿನ ರಸ್ತೆಯಲ್ಲಿ ನನ್ನ ಆಯುಷ್ಯ ಸವೆಯಿತು. ಯಾವ ಡಿಪೊ, ಯಾವ ಸಾಹೇಬ ಎಂದು ಮಾತ್ರ ಕೇಳಬೇಡಿ. ಹೆಸರು ಬರೆದರೆ ಜಗಳಕ್ಕೆ ಬರುತ್ತಾರೆ. ಜಗಳಕ್ಕೆ ನಾನು ಹೆದರುವವಳಲ್ಲ, ಆದರೆ ಈಗ ಮೊಣಕಾಲು ನೋಯುತ್ತವೆ, ಬಹಳ ಹೊತ್ತು ನಿಂತು ಬೈಯಲಾಗುವುದಿಲ್ಲ.

ನಾನು ಸೇರಿದಾಗ ಹೆಂಗಸು ಬಸ್ಸಿನಲ್ಲಿ ಟಿಕೆಟ್ ಹರಿಯುವುದನ್ನು ನೋಡಲು ಜನ ಕಿಟಕಿಯಲ್ಲಿ ಇಣುಕುತ್ತಿದ್ದರು. ಆಗ ಕಾಗದದ ಟಿಕೆಟ್ಟು, ಬೆರಳಿನಲ್ಲಿ ಪಂಚು. ಆಮೇಲೆ ಯಂತ್ರ ಬಂತು, ಗುಂಡಿ ಒತ್ತಿದರೆ ಟಿಕೆಟ್ಟು ನಾಲಿಗೆ ಚಾಚುತ್ತದೆ. ಕೊನೆಗೆ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾಯಿತು. ಅದಕ್ಕೆ ನಿಂತು ಪ್ರಯಾಣ ಮಾಡುವ ಗಂಡಸರೆಲ್ಲ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು, ನಾನೇ ವಿಧಾನಸೌಧದಲ್ಲಿ ಕೂತು ಆದೇಶ ಹೊರಡಿಸಿದ ಹಾಗೆ! ಇಷ್ಟೆಲ್ಲ ಬದಲಾದರೂ ಒಂದು ಬದಲಾಗಲಿಲ್ಲ. ಅದು ಸೀಟಿ. ಕಂಡಕ್ಟರ್ ಒಂದು ಸೀಟಿ ಹೊಡೆದರೆ ಗಾಡಿ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಹಿಂದೆ ಬಾಗಿಲಲ್ಲಿ ಯಾರ ಕಾಲು ಇದೆ, ಯಾರ ಸೆರಗು ಸಿಕ್ಕಿದೆ ಎಂದು ಡ್ರೈವರನಿಗೆ ಕಾಣುವುದಿಲ್ಲ. ಅವನು ನೋಡುವುದು ಮುಂದಿನ ರಸ್ತೆಯನ್ನು, ನಂಬುವುದು ಹಿಂದಿನ ಸೀಟಿಯನ್ನು.

ಮೊದಲ ವರ್ಷ ಒಬ್ಬ ಡ್ರೈವರ್ ನನ್ನ ಎರಡು ಸೀಟಿಗೆ ಗಾಡಿ ಬಿಡುತ್ತಿರಲಿಲ್ಲ. ಹೆಣ್ಣಿನ ಸೀಟಿಗೆ ಹೊರಟರೆ ಅಪಶಕುನವಂತೆ. ಬಾಗಿಲ ಹತ್ತಿರ ಕೂತ ಯಾರಾದರೂ ಗಂಡಸು "ರೈಟ್" ಎಂದರೆ ಮಾತ್ರ ಹೊರಡುತ್ತಿದ್ದ. ಒಂದು ದಿನ ಗಾಡಿ ಹೊರಟು ಸ್ವಲ್ಪ ದೂರ ಹೋದೊಡನೆ ಒಂದು ಸೀಟಿ ಹೊಡೆದೆ. ನಿಲ್ಲಿಸಲೇಬೇಕು, ನಿಯಮ. ಮತ್ತೆ ಹೊರಟಿತು, ಮತ್ತೆ ಒಂದು ಸೀಟಿ. ಕಿತ್ತೂರು ಮುಟ್ಟುವಷ್ಟರಲ್ಲಿ ಜನರೇ ಅವನ ಮೇಲೆ ಏರಿ ಹೋದರು. "ಏ ಡ್ರೈವರ್, ಅಕ್ಕಾರ ಜೋಡಿ ರಾಜಿ ಆಗಪಾ, ನಮಗ ಮನಿ ಮುಟ್ಟೂದೈತಿ" ಎಂದರು. ಅವತ್ತಿನಿಂದ ಶಕುನ ಸರಿಹೋಯಿತು.

ನನ್ನ ಸರ್ವಿಸಿನ ಬಹುಭಾಗ ಜೊತೆಗಿದ್ದ ಡ್ರೈವರ್ ಈರಪ್ಪ. ಬಂಗಾರದಂಥ ಮನುಷ್ಯ, ಕುಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ಗಾಡಿ ಎಬ್ಬಿಸುತ್ತಿರಲಿಲ್ಲ. ಅವನ ಭಕ್ತಿ ಎಲ್ಲಿಗೆ ಮುಟ್ಟಿತ್ತೆಂದರೆ, ಮುಂದಿನ ಗಾಜಿನ ತುಂಬ ಹೂವಿನ ಹಾರ, ನಿಂಬೆಹಣ್ಣಿನ ಸರ, ಎಡಗಡೆಯ ಕನ್ನಡಿಗೆ ಅಡ್ಡವಾಗಿ ದೇವರ ಫೋಟೊ. ಒಂದು ದಿನ ದೇಗಾಂವದ ತಿರುವಿನಲ್ಲಿ ಜೋಳದ ಕಣಿಕೆ ಹೇರಿದ ಚಕ್ಕಡಿಗೆ ಗಾಡಿಯ ಎಡಮೈ ಒರೆಸಿತು. ಅರ್ಧ ಕಣಿಕೆ ಕಿಟಕಿಯಿಂದ ಒಳಗೆ ಬಂದು ಜನರ ಮಡಿಲಲ್ಲಿ ಬಿತ್ತು. ಎತ್ತುಗಳು ಪುಣ್ಯಕ್ಕೆ ಬೆದರಲಿಲ್ಲ.

"ದೇವರು ಉಳಿಸಿದಾ ಅಕ್ಕಾರ" ಎಂದ ಈರಪ್ಪ, ಬೆವರು ಒರೆಸಿಕೊಳ್ಳುತ್ತ.

"ಉಳಿಸಿದಾ, ಖರೇ. ಕನ್ನಡಿಗೆ ಅಡ್ಡ ನಿಲ್ಲಿಸಿದ್ದೂ ನೀನ ಅಲ್ಲನ ಅವನ್ನ? ತಾನೂ ನೋಡಬೇಕು, ನಿನಗೂ ಕಾಣಬಾರದು, ಎಷ್ಟಂತ ಮಾಡ್ಯಾನು ಅವನರ!"

ಎರಡು ದಿನ ಮುಖ ಗಂಟು ಹಾಕಿಕೊಂಡು ಅಡ್ಡಾಡಿದ. ಮೂರನೆಯ ದಿನ ಫೋಟೊ ತಾನೇ ತೆಗೆದು ತಲೆಯ ಮೇಲೆ, ಕನ್ನಡಿಗೆ ಅಡ್ಡ ಬರದ ಹಾಗೆ ಹಚ್ಚಿದ. ಇಂಥ ಮನುಷ್ಯನ ಜೊತೆ ಕೆಲಸ ಮಾಡಬಹುದು. ಮಾಡಲಾಗದ್ದು ಸಾಹೇಬರ ಜೊತೆ. ಅವರ ಆಯುಧಪೂಜೆ ನೋಡಬೇಕಿತ್ತು, ಗಾಲಿಗೊಂದು ಕುಂಬಳಕಾಯಿ, ಗಾಡಿಗೊಂದು ಬಾಳೆಕಂಬ, ಮೈಕು, ಪೇಢೆ. ಗಾಡಿಯ ಬ್ರೇಕು ಮಾತ್ರ ಕಾಲಿಟ್ಟರೆ ಅಂಬಲಿ. ಹೇಳಿದರೆ "ನಿನ್ನೆ ಪೂಜಾ ಆಗೇದಲ್ರಿ, ಏನೂ ಆಗೂದಿಲ್ಲ" ಅನ್ನುತ್ತಿದ್ದರು. ಹುಡುಗಿಯರೇ, ಈ ಮಾತನ್ನು ಎಲ್ಲಿಯಾದರೂ ಕೇಳಿದರೆ ಎದ್ದು ನಿಲ್ಲಿ. ತನ್ನ ಕೆಲಸವನ್ನು ದೇವರ ತಲೆಗೆ ಕಟ್ಟುವವನು ಭಕ್ತನಲ್ಲ, ಮೈಗಳ್ಳ.

ನಾನು ಬರೆಯಬೇಕೆಂದು ಕೂತದ್ದು ಒಂದು ಸಂಜೆಯ ವಿಷಯ. ಇಷ್ಟು ಪೀಠಿಕೆ ಅದಕ್ಕಾಗಿಯೇ.

ಅವತ್ತು ನಮ್ಮದು ಬೈಲಹೊಂಗಲದಿಂದ ಯರಗಟ್ಟಿ, ರಾಮದುರ್ಗ ಹಾದು ಸುರೇಬಾನಕ್ಕೆ ಹೋಗುವ ಗಾಡಿ. ವಾರವೆಲ್ಲ ಮಳೆ ಬಿಟ್ಟಿರಲಿಲ್ಲ. ಯರಗಟ್ಟಿಯಲ್ಲಿ ಸುವರ್ಣಾ ಎಂಬ ಹೆಣ್ಣುಮಗಳು ಹತ್ತಿದಳು. ಮೂವತ್ತೈದರ ಆಸುಪಾಸು, ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರಲ್ಲಿ ಹೊಸ ಹಸಿರು ಸೀರೆ. ಟಿಕೆಟ್ ಕೊಡುವಾಗ ಊರು ಕೇಳಿದರೆ ಪಕ್ಕದವರೇ ಹೇಳಿದರು, ಮಧ್ಯಾಹ್ನ ತವರಲ್ಲಿ ತಾಯಿ ತೀರಿಕೊಂಡಿದ್ದಾಳೆ, ಕತ್ತಲಾಗುವುದರೊಳಗೆ ಮಣ್ಣು, ಕೊನೆಯ ಸಲ ಮುಖ ನೋಡಲು ಹೊರಟಿದ್ದಾಳೆ. ಸೀರೆ ತಾಯಿಗೆ ಹೊದಿಸಲು. ಮುತ್ತೈದೆ ಸಾವು, ಹಸಿರು ಸೀರೆ. ಗಂಡ ಮಕ್ಕಳನ್ನು ಕರೆದುಕೊಂಡು ಹಿಂದಿನಿಂದ ಬರುವವನಿದ್ದ.

ಆಕೆಯ ತವರು ರಾಮದುರ್ಗ ದಾಟಿದ ಮೇಲೆ, ಸುರೇಬಾನದ ಹಾದಿಯಲ್ಲಿ, ಒಂದು ಹಳ್ಳದ ಆಚೆ. ಊರಿನ ಹೆಸರು, ಹಳ್ಳದ ಹೆಸರು ಬರೆಯುವುದಿಲ್ಲ. ಆ ಸುತ್ತಿನವರಲ್ಲಿ ಕೆಲವರು ಇವತ್ತಿಗೂ ನನ್ನ ಮೇಲೆ ಸಿಟ್ಟಿನಲ್ಲಿದ್ದಾರೆ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ನಾಯಿಗೂ ಕುಡಿಯಲು ನೀರಿರುವುದಿಲ್ಲ. ಅವತ್ತು ಹೋಗಿ ನಿಂತರೆ ತಗ್ಗು ಸೇತುವೆಯೇ ಇಲ್ಲ. ಕೆಂಪು ನೀರು ಈ ದಂಡೆಯಿಂದ ಆ ದಂಡೆಗೆ, ಮರದ ಬೊಡ್ಡೆ, ಜಾಲಿಕಂಟಿ, ಯಾರದೋ ಹುಲ್ಲಿನ ಬಣವೆ ಎಲ್ಲವನ್ನೂ ಹೊತ್ತುಕೊಂಡು ಓಡುತ್ತಿತ್ತು. ಸೇತುವೆಯ ಅಂಚಿನ ಕಲ್ಲುಗಳೂ ಮುಳುಗಿದ್ದವು. ಈರಪ್ಪ ಗಾಡಿ ನಿಲ್ಲಿಸಿದ. ನಾನು ಇಳಿದೆ. ನನ್ನ ಹಿಂದೆ ಅರ್ಧ ಬಸ್ಸು ಇಳಿಯಿತು.

ಸುವರ್ಣಾ ನೀರಿನ ಅಂಚಿಗೇ ಹೋಗಿ ನಿಂತಳು. ಆಚೆ ದಂಡೆಯ ಏರು ಹತ್ತಿದರೆ ಅವಳ ಊರು. ಮರಗಳ ಆಚೆ ಗುಡಿಯ ಕಳಸ ಕಾಣುತ್ತಿತ್ತು. ಅಷ್ಟರಲ್ಲಿ ಅವಳ ಅಣ್ಣನ ಫೋನು. ಅವನ ದನಿ ಎಷ್ಟು ಜೋರೆಂದರೆ ನಮಗೆಲ್ಲ ಕೇಳಿಸಿತು. "ಹೆಂಗರ ಮಾಡಿ ಬಾರವಾ. ಎಲ್ಲಾ ತಯಾರಾಗೇತಿ. ದೇವರದಾನ, ಏನಾಗೂದಿಲ್ಲ, ಬಾ."

ಹತ್ತಿಪ್ಪತ್ತು ಜನರ ಗುಂಪಿನಲ್ಲಿ ಮುಂದಾಳಾಗಿ ಒಬ್ಬ ನಿಂತೇ ನಿಲ್ಲುತ್ತಾನೆ. ಅವತ್ತು ನಿಂತವನು ರಾಮದುರ್ಗದಲ್ಲಿ ಹತ್ತಿದ ಒಬ್ಬ ಹಿರಿಯ. ದೊಡ್ಡ ರುಮಾಲು, ಹಣೆ ತುಂಬ ವಿಭೂತಿ. ಎಲ್ಲರೂ ಕಾಕಾ, ಕಾಕಾ ಅನ್ನುತ್ತಿದ್ದರು.

"ಅಕ್ಕಾರ, ಹೆಣ್ಣಮಗಳು ಅವ್ವನ ಮಾರಿ ನೋಡೂದೈತಿ. ಪುಣ್ಯದ ಕೆಲಸ. ದೇವರ ಮ್ಯಾಲ ಭಾರ ಹಾಕಿ ಸೀಟಿ ಹೊಡೀರಿ" ಎಂದ.

"ಕಾಕಾರ, ಭಾರ ದೇವರ ಮ್ಯಾಲ ಹಾಕಿದ್ರೂ ಗಾಡಿ ನೀರಿನ ಮ್ಯಾಲನ ಹೋಗಬೇಕಲ್ರಿ. ಕೆಳಗ ಸೇತುವೆ ಐತೋ ಇಲ್ಲೋ ಯಾರು ನೋಡ್ಯಾರ?"

"ನಿಮಗ ದೇವರ ಮ್ಯಾಲ ನಂಬಿಕಿ ಇಲ್ಲ ಅಂದಂಗಾತು."

ಹಾಗೆ ಹೇಳಿ ತನ್ನ ಜನರ ಕಡೆ ನೋಡಿದ. ಅವರೆಲ್ಲ ಗೋಣು ಆಡಿಸಿದರು. ನನ್ನ ನಂಬಿಕೆಯನ್ನು ಅಳೆಯಲು ಇವನು ಯಾರು? ಗಂಡ ಹಾಸಿಗೆ ಹಿಡಿದಾಗ, ಕೊರೊನಾದಲ್ಲಿ ಖಾಲಿ ರಸ್ತೆಯ ಮೇಲೆ ದವಾಖಾನೆಯ ಸಿಬ್ಬಂದಿಯನ್ನು ಕರೆದುಕೊಂಡು ಓಡಾಡುವಾಗ, ನಾನು ಯಾರ ಹೆಸರು ಹಿಡಿದು ಜೀವ ಬಿಗಿ ಹಿಡಿದೆ ಎಂದು ನನಗೂ ಅವನಿಗೂ ಗೊತ್ತು. ಅವನಿಗೆ ಎಂದರೆ ಆ ಶಿವನಿಗೆ. ಈ ಕಾಕಾನಿಗೆ ಅಲ್ಲ.

ನನ್ನ ಫೋನಿಗೆ ಅಲ್ಲಿ ರೇಂಜ್ ಇರಲಿಲ್ಲ. ಹಿಂದಕ್ಕೆ ಏರಿನ ಮೇಲೆ ಹೋಗಿ ಸಾಹೇಬರಿಗೆ ಫೋನು ಹಚ್ಚಿದೆ. ವಿಷಯ ಹೇಳಿದೆ. ಆ ಕಡೆಯಿಂದ ನಿಟ್ಟುಸಿರು.

"ಅಲ್ರೀ, ಇದ ತಿಂಗಳದಾಗ ಎಷ್ಟ ಟ್ರಿಪ್ ಕ್ಯಾನ್ಸಲ್ ಆಗ್ಯಾವು ಗೊತ್ತೈತೇನ್ರಿ? ಡ್ರೈವರ್ ಹಳೇ ಮನುಷ್ಯಾ ಅದಾನ. ನೋಡಿ, ದೇವರ ಹೆಸರ ತಗೊಂಡು ದಾಟಸ್ರಿ."

"ಆತ್ರಿ ಸಾಹೇಬ್ರ. ಈಗ ನಾ ಕೆಳಗ ಹೋಗಿ ಯಾರದರ ಫೋನಿಂದ ಮಾಡತೇನಿ, ಸ್ಪೀಕರ್ ಹಚ್ಚತೇನಿ. ಇದ ಮಾತ ಎಲ್ಲಾ ಪ್ಯಾಸೆಂಜರಿಗೆ ಕೇಳೂವಂಗ ಹೇಳ್ರಿ. ನಾ ಆಗಿಂದಾಗ ಸೀಟಿ ಹೊಡೀತೇನಿ."

ಫೋನು ಕಟ್ಟಾಯಿತು. ಹುಡುಗಿಯರೇ, ಆ ಫೋನು ಮತ್ತೆ ಹತ್ತಲೇ ಇಲ್ಲ! ಮುಂದೆ ಇದೇ ಸಾಹೇಬರು ನನ್ನನ್ನು ಕರೆಸಿ, ಟ್ರಿಪ್ ಪೂರ್ತಿ ಮಾಡಲಿಲ್ಲ ಯಾಕೆ ಎಂದು ಕೇಳಿದರು. ನಿಮ್ಮ ಆಜ್ಞೆ ಪೂರ್ತಿ ಕೇಳಿಸಲಿಲ್ಲ ಎಂದೆ. ನೋಟಿಸು ಕೊಟ್ಟರು, ತೆಗೆದುಕೊಂಡೆ. ಅದು ಎಲ್ಲಿಗೆ ಮುಟ್ಟಿತೆಂಬುದು ಬರೆಯುವಷ್ಟು ದೊಡ್ಡ ವಿಷಯವಲ್ಲ.

ಏರಿನಿಂದ ಇಳಿದು ಬಂದು ನೋಡುತ್ತೇನೆ, ಹಳ್ಳದಲ್ಲಿ ಹಸಿರು ಸೀರೆ ತೇಲಿ ಹೋಗುತ್ತಿದೆ. ಒಂದು ಸುಳಿಯಲ್ಲಿ ಗರ್ರನೆ ತಿರುಗಿ, ಬಿಚ್ಚಿಕೊಂಡು, ಜಾಲಿಕಂಟಿಯ ಜೊತೆ ಮುಳುಗಿತು. ಆಕೆಯೇ ಬಿದ್ದಳೆಂದುಕೊಂಡೆ. ಇಲ್ಲ, ಸುವರ್ಣಾ ದಂಡೆಯ ಮೇಲೆ ಖಾಲಿ ಚೀಲ ಹಿಡಿದು ನಿಂತಿದ್ದಾಳೆ.

"ಏನಿದು?"

"ಗಂಗವ್ವಗ ಉಡಿ ತುಂಬಿದಿವ್ರಿ" ಎಂದ ಕಾಕಾ. ನಮ್ಮ ಕಡೆ ತುಂಬಿದ ಹೊಳೆಗೆ, ಹಳ್ಳಕ್ಕೆ ಹೆಂಗಸರು ಉಡಿ ತುಂಬುವುದುಂಟು. ಮನೆಯ ಮಗಳೆಂದು ತಿಳಿದು ಅಕ್ಕಿ, ಕಾಯಿ, ಕುಪ್ಪಸದ ಕಣ, ಉಳ್ಳವರು ಸೀರೆ ಕೊಟ್ಟು ಕೈ ಮುಗಿಯುತ್ತಾರೆ. ನಾನೂ ಪ್ರತಿ ವರ್ಷ ಮಲಪ್ರಭೆಗೆ ತುಂಬುತ್ತೇನೆ. ಆದರೆ ಬಸ್ಸಿನಲ್ಲಿ ಯಾರ ಬಳಿಯೂ ಏನೂ ಇರಲಿಲ್ಲವಂತೆ. ಇದ್ದದ್ದು ಒಬ್ಬಳ ಹತ್ತಿರ ಹೊಸ ಸೀರೆ. ಕಾಕಾ ಕೇಳಿದ, ಆಕೆ ಕೊಟ್ಟಳು. ದಾಟಲು ಬಿಡುತ್ತಾರೆಂದರೆ ಆಕೆ ಅವತ್ತು ಕೊರಳ ತಾಳಿಯನ್ನೂ ಕೊಡುತ್ತಿದ್ದಳು.

"ಉಡಿ ತುಂಬೇವಿ. ಇನ್ನ ಗಂಗವ್ವ ಏನೂ ಮಾಡೂದಿಲ್ಲ. ಹೊಡೀರಿ ಸೀಟಿ."

ನನಗೆ ಸಿಟ್ಟು ನೆತ್ತಿಗೇರಿತು. "ಸತ್ತ ತಾಯಿಗೆ ತಂದ ಸೀರಿ ಇಸಗೊಂಡು ನೀರಿಗೆ ಹಾಕಿಸಿದ್ರಲ್ಲೋ, ನಾಚಿಕಿ ಆಗಲಿಲ್ಲೇನ ನಿಮಗ? ನಿಮ್ಮ ರುಮಾಲಾ ಬಿಚ್ಚಿ ಹಾಕಬೇಕಿತ್ತು! ಉಡಿ ತುಂಬೂದು ಅಂದ್ರ ಲಂಚ ಅಂತ ತಿಳದೀರೇನು? ಮನಿ ಮಗಳಿಗೆ ಉಡಿ ತುಂಬಿ, ಆಮ್ಯಾಲ ಆಕಿ ಮೈಮ್ಯಾಲ ಗಾಲಿ ಹಾಯಿಸ್ತೀರಿ? ನಿಮ್ಮ ಮನ್ಯಾಗ ಹಂಗ ಮಾಡ್ತೀರೇನ?"

ಹೆಂಗಸರು ತಲೆ ತಗ್ಗಿಸಿದರು. ಕಾಕಾ ತಗ್ಗಿಸಲಿಲ್ಲ. ನಾನು ಸುವರ್ಣಾಳ ಕಡೆ ತಿರುಗಿ ಏನೋ ಹೇಳುತ್ತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಎರಡು ಸೀಟಿ ಕೇಳಿಸಿತು. ಒಂದಾದ ಮೇಲೊಂದು, ಚೊಕ್ಕವಾಗಿ. ನನ್ನ ಸೀಟಿ ನನ್ನ ಕೊರಳಲ್ಲೇ ಇತ್ತು. ತಿರುಗಿ ನೋಡಿದರೆ ಕಾಕಾ ಬಾಯಿಂದ ಎರಡು ಬೆರಳು ತೆಗೆಯುತ್ತಿದ್ದ. ಕುರಿ ಕಾಯುವವರ ಹಾಗೆ ಬೆರಳಿಟ್ಟು ಊದಿದ್ದ!

ಈರಪ್ಪ ಎಂಜಿನ್ ಬಂದ್ ಮಾಡದೆ ಸೀಟಿನಲ್ಲಿ ಕೂತಿದ್ದ. ಜೀವಮಾನವೆಲ್ಲ ಎರಡು ಸೀಟಿಗೆ ಗಾಡಿ ಬಿಟ್ಟ ಕಾಲು. ತಲೆಗೆ ತಿಳಿಯುವ ಮೊದಲೇ ಕಾಲು ಕೇಳಿತು. ಗಾಡಿ ಇಳಿಜಾರಿನಲ್ಲಿ ಹೊರಟೇಬಿಟ್ಟಿತು. ಒಳಗೆ ಇನ್ನೂ ಅರ್ಧ ಜನ, ಮುದುಕರು, ಮಕ್ಕಳು. ಮುಂದಿನ ಗಾಲಿ ನೀರಿಗಿಳಿಯಿತು. ನಾನು ಎದೆಯ ಉಸಿರೆಲ್ಲ ಸೇರಿಸಿ ಒಂದು ಸೀಟಿ ಹೊಡೆದೆ. ಅದೇ ಕಾಲು ಬ್ರೇಕಿನ ಮೇಲೆ ಬಿತ್ತು. ಗಾಡಿ ನಿಂತಿತು. ನೀರು ಬಂಪರಿಗೆ ಬಡಿದು ನೊರೆ ಏಳುತ್ತಿತ್ತು.

ಹಿಂದಕ್ಕೆ ತೆಗೆದು ನಿಲ್ಲಿಸಿದ ಮೇಲೆ ಈರಪ್ಪ ಇಳಿದು ಬಂದ. ಚಾವಿ ತೆಗೆದು ನನ್ನ ಕೈಯಲ್ಲಿ ಇಟ್ಟ. "ನಾ ದೇವರನ್ನ ನಂಬಿದಾಂವ್ರಿ ಅಕ್ಕಾರ. ಆದ್ರ ಸೀಟಿ ನಿಮ್ಮದ ಇರಬೇಕು. ಇದು ನಿಮ್ಮ ಕಡೆ ಇರಲಿ" ಎಂದ. ಕಾಕಾನ ಕಡೆ ನೋಡಿ ಒಂದು ಮಾತು ಬೈದ. ಈರಪ್ಪನ ಬಾಯಲ್ಲಿ ನಾನು ಬೈಗುಳ ಕೇಳಿದ್ದು ಅದೊಂದೇ ಸಲ, ಬಹಳ ಛಲೋ ಬೈಗುಳ.

ಹಿಂದಿನಿಂದ ಒಂದು ಖಾಸಗಿ ಟ್ರ್ಯಾಕ್ಸ್ ಬಂತು. ಎತ್ತರದ ಗಾಡಿ, ಒಳಗೆ ಡ್ರೈವರ್ ಒಬ್ಬನೇ. ನೀರು ನೋಡಿದ, ನಮ್ಮನ್ನು ನೋಡಿದ. "ನಾ ಹೊಂಟೇನಿ. ಬರವರು ಬರ್ರಿ" ಎಂದ.

ನಾನು ಕಾಕಾನ ಮುಂದೆ ಹೋಗಿ ನಿಂತೆ. "ಬಂತಲ್ರಿ ನಿಮ್ಮ ಗಾಡಿ. ಉಡಿ ತುಂಬೀರಿ, ನಂಬಿಕಿ ಐತಿ. ಏರ್ರಿ. ಮೊದಲ ನೀವ ಏರ್ರಿ."

ಕಾಕಾ ಆ ಕಡೆ ನೋಡಿದ, ಈ ಕಡೆ ನೋಡಿದ. ಸಾಮಾನು ಬಸ್ಸಿನಲ್ಲಿದೆ ಎಂದ. ಮಂಡಿ ನೋವು, ಟ್ರ್ಯಾಕ್ಸಿನ ಮೆಟ್ಟಿಲು ಎತ್ತರ ಎಂದ. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಬೇರೆಯವರ ತಾಯಿಯ ಸೀರೆಯ ಮೇಲೆ ನಂಬಿಕೆ ತೋರಿಸಿದವರು ತಮ್ಮ ಜೀವದ ಮೇಲೆ ಬಂದಾಗ ಚಪ್ಪಲಿ ಹುಡುಕಲು ಹತ್ತಿದರು. ಥೂ!

ಹೊರಟವಳು ಒಬ್ಬಳೇ. ಸುವರ್ಣಾ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ನಾನು ಓಡಿ ಹೋಗಿ ಅವಳ ರೆಟ್ಟೆ ಹಿಡಿದೆ. ಕೊಸರಿದಳು. ಬಿಡಲಿಲ್ಲ. ಎರಡು ಕೈಯಲ್ಲಿ ಹಿಡಿದು ಎಳೆದೆ. ಬಳೆಗಳು ಒಡೆದವು, ಇಬ್ಬರಿಗೂ ರಕ್ತ ಬಂತು. "ಬಿಡ್ರಿ, ನಮ್ಮವ್ವನ ಮಾರಿ ನೋಡಬೇಕ್ರಿ, ಬಿಡ್ರಿ" ಎಂದು ಚೀರಿದಳು. ಟ್ರ್ಯಾಕ್ಸಿನವನಿಗೂ ಹೋಗಬೇಡವೋ ಎಂದೆ. ಅವನು ಕಾಯಲಿಲ್ಲ.

ನೀರು ಬಾಗಿಲಿಗೆ ಬಂತು. ನಡುವೆ ಒಂದು ಕಡೆ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿತು. ಅವನ ಹೆಸರು ನನಗೆ ಗೊತ್ತಿಲ್ಲ, ಆದರೆ ಸುವರ್ಣಾಳ ರೆಟ್ಟೆ ಬಿಡದೆಯೇ ನಾನು ಕೂಗಿದೆ, "ದಾಟಸೋ ಯಪ್ಪಾ, ದಾಟಸೋ, ಯಾರ ಮಗನೋ ಏನೋ." ಇದು ಡಿಪೊದ ಸಾಹೇಬರಿಗೆ ತಿಳಿಯುವ ಪ್ರಾರ್ಥನೆಯಲ್ಲ. ನನ್ನ ಕೈಯಲ್ಲಿ ಇದ್ದವಳನ್ನು ನಾನು ಹಿಡಿದುಕೊಂಡಿದ್ದೆ. ನನ್ನ ಕೈಗೆ ಸಿಗದೆ ಹೋದವನನ್ನು ಹಿಡಿಯಲು ಆ ಶಿವನನ್ನು ಬಿಟ್ಟರೆ ಯಾರಿದ್ದಾರೆ?

ಟ್ರ್ಯಾಕ್ಸ್ ದಾಟಿತು. ಈ ಕಥೆಯನ್ನು ಡಿಪೊದಲ್ಲಿ ಹೇಳುವವರು ಟ್ರ್ಯಾಕ್ಸ್ ಕೊಚ್ಚಿಕೊಂಡು ಹೋಯಿತು, ಮಹಾದೇವಿಗೆ ಮೊದಲೇ ಹೊಳೆದಿತ್ತು ಎಂದೆಲ್ಲ ಬಣ್ಣ ಕಟ್ಟಿ ಹೇಳುತ್ತಾರೆ. ಸುಳ್ಳು. ದಾಟಿತು. ಆಚೆ ದಂಡೆಯಲ್ಲಿ ನಿಂತು ಹಾರ್ನ್ ಹೊಡೆದು ಏರು ಹತ್ತಿ ಹೋಯಿತು.

ಆಮೇಲೆ ನನಗೆ ಬಿದ್ದ ಬೈಗುಳ ಕೇಳಬೇಡಿ. "ನೋಡಿದ್ರೇನ, ಗಂಗವ್ವ ಹಾದಿ ಬಿಟ್ಟಳು" ಎಂದ ಕಾಕಾ, ಮಂಡಿನೋವು ಮರೆತು ಕುಣಿಯುತ್ತ. ಅಕ್ಕಾರ ಎನ್ನುತ್ತಿದ್ದವರು ನೀನು ಎಂದರು, ಹೆಣ್ಣಿನ ಕೈಗೆ ಸೀಟಿ ಕೊಟ್ಟದ್ದೇ ತಪ್ಪು ಎಂದರು. ಅವೆಲ್ಲ ನನಗೆ ನಾಟಲಿಲ್ಲ. ಸುವರ್ಣಾ ಬೈಯಲಿಲ್ಲ. ರಸ್ತೆಯ ಮೇಲೆ ಕೂತು, ಒಡೆದ ಬಳೆಯ ಕೈ ನೋಡಿಕೊಳ್ಳುತ್ತ ಕೇಳಿದಳು, "ನಿಮ್ಮವ್ವ ಸತ್ತಿದ್ರ ಹಿಂಗ ಮಾಡ್ತಿದ್ರೇನ್ರಿ?"

ಅವಳ ಫೋನು ಮತ್ತೆ ರಿಂಗಾಯಿತು. ಅವಳು ಎತ್ತಲಿಲ್ಲ. ನಾನೇ ಕಸಿದು ಎತ್ತಿದೆ. ಅದೇ ಅಣ್ಣ. ಟ್ರ್ಯಾಕ್ಸ್ ಬಂದದ್ದು ಊರಿಗೆ ಗೊತ್ತಾಗಿತ್ತು. "ಅದರ ಬೆನ್ನಿಗೆ ಬರಬಾರದೇನ? ಎಲ್ಲಾರೂ ಕಾಯಾಕ ಹತ್ಯಾರ. ದೇವರದಾನ ಅಂತ ಎಷ್ಟ ಹೇಳಬೇಕು?"

"ನಾ ಕಂಡಕ್ಟರ್ ಮಾತಾಡೂದು. ಒಂದ ಕೇಳತೇನಿ, ಹೇಳಪಾ. ಇವತ್ತ ನಿಮ್ಮ ಮನ್ಯಾಗ ಒಂದ ಮಣ್ಣ ಮಾಡಾವರೋ, ಎರಡೋ?"

ಆ ಕಡೆ ಭಜನೆಯ ತಾಳ ಕೇಳಿಸುತ್ತಿತ್ತು. ಫೋನು ಕೈ ಬದಲಾಯಿತು. ಮುದಿ ದನಿಯೊಂದು ಬಂತು, ಸುವರ್ಣಾಳ ಅಪ್ಪ. ಹಳ್ಳ ಎಷ್ಟು ಬಂದಿದೆ ಎಂದು ಕೇಳಿದ. ಹೇಳಿದೆ. ಮಗಳಿಗೆ ಕೊಡ್ರಿ ಎಂದ. ಸ್ಪೀಕರ್ ಹಚ್ಚಿ ಅವಳ ಮುಂದೆ ಹಿಡಿದೆ.

"ಸುವರ್ಣಾ, ಅಲ್ಲೇ ನಿಲ್ಲವಾ."

"ಅಪ್ಪಾ, ದೇವರದಾನ ಅಂತ ಅಣ್ಣ..."

"ದೇವರದಾನ. ಅದಕ್ಕ ಹೇಳತೇನಿ, ನಿಲ್ಲು. ಅಂವಾ ಇರದಿದ್ರ ಅವಸರಾ ಮಾಡಬೇಕಿತ್ತು. ನಿಮ್ಮವ್ವನ್ನ ಕುಂಡ್ರಿಸೇವಿ. ಮುಂಜಾನಿ ತನಕ ಕುಂತಿರತಾಳ. ಎಲ್ಲಿಗೂ ಹೋಗೂದಿಲ್ಲ."

ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕೆಂದು ಕೂತಿದ್ದ ಬಂಧುಗಳಿಗೆ ಆ ಮುದುಕ ಏನು ಹೇಳಿ ಒಪ್ಪಿಸಿದನೋ ನನಗೆ ತಿಳಿಯದು. ನಾವು ಗಾಡಿ ತಿರುಗಿಸಿ ಹಿಂದಿನ ಊರಿಗೆ ಹೋದೆವು. ಊರವರು ಗುಡಿಯಲ್ಲಿ ಜಾಗ ಮಾಡಿಕೊಟ್ಟರು, ರೊಟ್ಟಿ ಝುಣಕ ತಂದರು. ಕಾಕಾ ಎರಡು ಸಲ ನೀಡಿಸಿಕೊಂಡ. ಸುವರ್ಣಾ ನೀರು ಸಹ ಮುಟ್ಟಲಿಲ್ಲ.

ಬೆಳಿಗ್ಗೆ ನೀರು ಇಳಿದಿತ್ತು. ನಾನು ಮತ್ತು ಈರಪ್ಪ ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆವು. ಒಂದು ಬದಿ ಡಾಂಬರು ಕಿತ್ತಿತ್ತು, ಸೇತುವೆ ಗಟ್ಟಿಯಾಗಿಯೇ ಇತ್ತು. ಎರಡು ಸೀಟಿ ಹೊಡೆದೆ, ದಾಟಿದೆವು. ಕಾಕಾ ಕಿಟಕಿಯಿಂದ ಹಳ್ಳಕ್ಕೆ ಕೈ ಮುಗಿದು, ತಾನು ತುಂಬಿಸಿದ ಉಡಿಗೆ ಗಂಗವ್ವ ಒಲಿದಳೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಇಂಥವರನ್ನು ದೇವರು ಹೇಗೆ ತಡೆದುಕೊಳ್ಳುತ್ತಾನೋ! ನನ್ನಿಂದ ಅದು ಇವತ್ತಿಗೂ ಆಗಿಲ್ಲ.

ಸುವರ್ಣಾಳ ಊರಿನಲ್ಲಿ ಗಾಡಿ ನಿಲ್ಲಿಸಿ ನಾನೂ ಅವಳ ಹಿಂದೆ ಹೋದೆ. ನಮ್ಮಲ್ಲಿಯ ಪದ್ಧತಿಯಂತೆ ತಾಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಪದ್ಮಾಸನ, ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಭಜನೆಯವರ ಗಂಟಲು ಕಟ್ಟಿ ಹೋಗಿತ್ತು, ಆದರೂ ತಾಳ ಬಿಟ್ಟಿರಲಿಲ್ಲ. ಸುವರ್ಣಾ ಹೊಸ್ತಿಲಲ್ಲೇ ನಿಂತಳು. ಕೂತ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, ನಮಗೆ ಕೇಳುವ ಹಾಗೆಯೇ, "ಮಗಳು ಅವ್ವಗ ಒಂದ ಸೀರಿ ಸೈತ ತಂದಿಲ್ಲ ನೋಡ, ಬರಿಗೈಲೆ ಬಂದಾಳ" ಎಂದಳು.

ನನಗೆ ತಡೆಯಲಾಗಲಿಲ್ಲ. ಸಾವಿನ ಮನೆ ಎಂಬುದೂ ನೆನಪಾಗಲಿಲ್ಲ. "ಜೀವಾ ತಂದಾಳಲ್ರಿ! ಸೀರಿ ಬೇಕಾತೇನ ನಿಮಗ?" ಎಂದೆ. ತಾಳ ನಿಂತಿತು. ಅಪ್ಪ, ಎಲುಬಿನ ಹಂದರದಂಥ ಮುದುಕ, ಎದ್ದು ಬಂದು ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಸೀರೆಯ ಮಾತು ಅವನು ಎತ್ತಲಿಲ್ಲ. ಸುವರ್ಣಾ ತಾಯಿಯ ಮುಂದೆ ಕುಸಿದು, ಆ ಮಡಚಿದ ಕಾಲುಗಳ ಮೇಲೆ ತಲೆ ಇಟ್ಟಳು. ಅಲ್ಲಿಯ ತನಕ ಅವಳು ಅತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಗಾಡಿ ಕಾಯುತ್ತಿತ್ತು. ನಾನು ಹೊರಡುವಾಗ ಅವಳು ತಲೆ ಎತ್ತಿದಳು. ಧನ್ಯವಾದ ಹೇಳುತ್ತಾಳೇನೋ ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

"ನಿನ್ನಿ ಸಂಜೀಕ ಬಂದಿದ್ರ ಅವ್ವನ ಕೈ ಇನ್ನಾ ಬೆಚ್ಚಗ ಇರತಿತ್ರಿ" ಎಂದಳು.

ಸಾಹೇಬರಿಗೆ, ಕಾಕಾನಿಗೆ, ಅಣ್ಣನಿಗೆ, ಆ ಹೆಂಗಸಿಗೆ, ಎಲ್ಲರಿಗೂ ನನ್ನ ಬಳಿ ಉತ್ತರ ಇತ್ತು. ಇವಳಿಗೆ ಕೈ ಮುಗಿದು ಬಂದು ಗಾಡಿ ಹತ್ತಿದೆ. ಟ್ರ್ಯಾಕ್ಸ್ ದಾಟಿತ್ತಲ್ಲ. ಅದರಲ್ಲಿ ಇವಳಿದ್ದರೆ ಇವಳೂ ದಾಟುತ್ತಿದ್ದಳೇನೋ. ಆ ಲೆಕ್ಕ ಮೇಲಿನವನಿಗೆ ಗೊತ್ತು, ನಾನು ಕೇಳಲು ಹೋಗಿಲ್ಲ.

ಆಮೇಲೆ ಯರಗಟ್ಟಿಯಲ್ಲಿ ಅವಳು ಎಷ್ಟೋ ಸಲ ನನ್ನ ಗಾಡಿ ಹತ್ತಿದಳು. ಮೊದಲು ಒಬ್ಬಳೇ, ಆಮೇಲೆ ಮಕ್ಕಳ ಜೊತೆ, ಕೊನೆಗೆ ಮಗಳಿಗೆ ಗಂಡು ನೋಡಲು ಹೊರಟ ಜನರ ಜೊತೆ. ಊರಿನ ಹೆಸರು ಹೇಳಿ ಟಿಕೆಟ್ ಇಸಿದುಕೊಳ್ಳುತ್ತಿದ್ದಳು, ಮುಖ ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಒಂದು ದಿನವೂ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟು ಇಳಿದಿಲ್ಲ. ಇಳಿಯದಿರಲಿ. ಸಿಟ್ಟಾಗಲಿಕ್ಕೆ ಆಕೆ ಇದ್ದಾಳೆ.